ಏಣಿಯಿಂದ ಬಿದ್ದದ್ದು ನಾನಾ, ನನ್ನ ತಂಗಿಯಾ?

ಪ್ರಶ್ನೆ: ನನಗೆ 44 ವರ್ಷ. ಬಸವನಗುಡಿಯಲ್ಲಿ ಫ್ಲ್ಯಾಟ್. ಚಿಕ್ಕವಳಿದ್ದಾಗ ಪ್ರತಿ ಬೇಸಿಗೆ ರಜೆಗೂ ತಿಪಟೂರು ಹತ್ತಿರದ ಹಳ್ಳಿಯಲ್ಲಿದ್ದ ಅಜ್ಜಿ ಮನೆಗೆ ಹೋಗುತ್ತಿದ್ದೆವು. ಈಗ ಅಜ್ಜ, ಅಜ್ಜಿ ಇಬ್ಬರೂ ಇಲ್ಲ. ಮನೆ, ತೋಟ ಮಾರಿ ಆಯಿತು. ಮೊನ್ನೆ ನೆಂಟರ ಮದುವೆಯಲ್ಲಿ ನನಗೂ ತಂಗಿಗೂ ವಾದ ಹತ್ತಿಕೊಂಡಿತು. ಕಾಯಿ ಅಟ್ಟದ ಏಣಿಯಿಂದ ಬಿದ್ದು ಗದ್ದ ಒಡೆದುಕೊಂಡವಳು ನಾನು. ಕೆಂಪು ಲಂಗದ ಹುಡುಗಿ ಧೊಪ್ಪಂತ ಬೀಳುವುದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ತಂಗಿ ‘ಅದು ನಾನು ಕಣೇ’ ಅಂತಾಳೆ. ಗುರುತು ಇಬ್ಬರ ಗದ್ದದ ಮೇಲೂ ಇಲ್ಲ. ಇನ್ನೊಂದು ವಿಷಯ. ಗಾಂಧಿ ಬಜಾರಿನಲ್ಲಿ ಹಲಸಿನ ಹಣ್ಣಿನ ವಾಸನೆ ಬಂದರೆ ಸುಮ್ನೆ ಕಣ್ಣು ತುಂಬುತ್ತದೆ. ಇದು ಸಹಜವಾ? ನನ್ನ ಮಗಳಿಗೆ 8 ವರ್ಷ. ಅಮ್ಮ ನಮ್ಮ ಜೊತೆಗೇ ಇರುವುದರಿಂದ ಅವಳಿಗೆ ಹೋಗೋದಕ್ಕೆ ಬೇರೆ ಅಜ್ಜಿ ಮನೆ ಅಂತಲೇ ಇಲ್ಲ. ಅವಳಿಗೆ ಏನೋ ತಪ್ಪಿಸುತ್ತಿದ್ದೇವೆ ಅನ್ನಿಸುತ್ತದೆ. ಒಮ್ಮೆ ಆ ಊರಿಗೆ ಕರೆದುಕೊಂಡು ಹೋಗಿ ಮನೆ ತೋರಿಸಲಾ?

ಉತ್ತರ: ಮೊದಲು ಏಣಿ ಜಗಳ ನೋಡೋಣ. ಉಳಿದ ಪ್ರಶ್ನೆಗಳಿಗೂ ದಾರಿ ಅಲ್ಲಿಂದಲೇ ಇದೆ.

ನಿಮ್ಮಿಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಬಿದ್ದದ್ದು ಒಬ್ಬರೇ, ನೆನಪು ಇಬ್ಬರದ್ದೂ. ಇದು ಎಷ್ಟು ಮಾಮೂಲಿ ಅಂದರೆ ಇದರ ಮೇಲೇ ಸಂಶೋಧನೆ ನಡೆದಿದೆ. 2001ರಲ್ಲಿ ಮರ್ಸಿಡೀಸ್ ಶೀನ್, ಸೈಮನ್ ಕೆಂಪ್ ಮತ್ತು ಡೇವಿಡ್ ರೂಬಿನ್ ಅವಳಿಗಳನ್ನು ಕೂರಿಸಿಕೊಂಡು ಒಂದೊಂದೇ ಪದ ಹೇಳಿ, ಅದಕ್ಕೆ ತಮ್ಮ ಬದುಕಿನ ಯಾವ ನೆನಪು ಬರುತ್ತದೆ ಎಂದು ಕೇಳಿದರು. 20 ಜೋಡಿಗಳಲ್ಲಿ 14 ಜೋಡಿ ಒಂದಲ್ಲ ಒಂದು ನೆನಪಿಗೆ ‘ಅದು ನಂದು’, ‘ಅಲ್ಲ, ನಂದು’ ಎಂದು ಕಿತ್ತಾಡಿದರು. ಅಕ್ಕಪಕ್ಕದಲ್ಲೇ ಬೆಳೆದವರಲ್ಲಿ ಹೀಗಾಗದಿದ್ದರೇ ಆಶ್ಚರ್ಯ.

ಯಾಕೆ ಹೀಗೆ? ಏನು ನಡೆಯಿತು ಅನ್ನುವುದು ತಲೆಯಲ್ಲಿ ಉಳಿಯುತ್ತದೆ. ಅದು ನಮಗೆ ಹೇಗೆ ಗೊತ್ತಾಯಿತು, ಕಂಡದ್ದಾ, ಕೇಳಿದ್ದಾ, ನಮಗೇ ಆದದ್ದಾ ಅನ್ನುವುದು ಬೇಗ ಅಳಿಸಿಹೋಗುತ್ತದೆ. ಮಕ್ಕಳಲ್ಲಂತೂ ಇನ್ನೂ ಬೇಗ. ಒಬ್ಬಳು ಏಣಿಯಿಂದ ಬಿದ್ದಳು. ಇನ್ನೊಬ್ಬಳು ಕೆಳಗೆ ನಿಂತು ಕಿರುಚಿದಳು. ಯಾರೋ ಓಡಿಬಂದು ಅರಿಶಿನ ಮೆತ್ತಿದರು. ರಾತ್ರಿ ಜಗಲಿಯ ಮೇಲೆ ಅದೇ ಮಾತು. ಮುಂದಿನ ಬೇಸಿಗೆಯಲ್ಲಿ ಏಣಿ ಹತ್ತಿರ ಹೋದ ಕೂಡಲೇ ‘ಹೋದ ವರ್ಷ ಬಿದ್ದದ್ದು ಸಾಲದಾ?’ ಎಂದು ಅತ್ತೆ ಗದರಿದರು. ಇಬ್ಬರನ್ನೂ ಸೇರಿಸಿಯೇ ಗದರಿದರು ಅಂತಿಟ್ಟುಕೊಳ್ಳಿ. ಇಷ್ಟು ಸಲ ಕೇಳಿದ ಮೇಲೆ ನೋಡಿದವಳ ತಲೆಯಲ್ಲೂ ಏಣಿ ಅಲ್ಲಾಡುತ್ತದೆ, ಕಾಲು ಜಾರುತ್ತದೆ, ಗದ್ದ ಉರಿಯುತ್ತದೆ.

ನಿಮ್ಮ ಪತ್ರದಲ್ಲಿ ಒಂದು ಮಾತು ನನ್ನ ಗಮನ ಸೆಳೆಯಿತು. ಕೆಂಪು ಲಂಗದ ಹುಡುಗಿ ಬೀಳುವುದು ಕಾಣುತ್ತದೆ ಅಂತೀರಿ. ಬೀಳುವವಳಿಗೆ ಕಾಣುವುದು ಮೆಟ್ಟಿಲು, ನೆಲ. ತನ್ನ ಲಂಗ ದೂರದಿಂದ ಕಾಣುವುದಿಲ್ಲ, ಅಲ್ವಾ? ಹಾಗಂತ ತಂಗಿ ಗೆದ್ದಳು ಅಂದುಕೊಳ್ಳಬೇಡಿ. ಜಾರ್ಜಿಯಾ ನಿಗ್ರೊ ಮತ್ತು ಉಲ್ರಿಕ್ ನೈಸರ್ 1983ರಲ್ಲೇ ತೋರಿಸಿದ್ದಾರೆ: ನೆನಪು ಹಳೆಯದಾದಷ್ಟೂ ನಮ್ಮನ್ನು ನಾವೇ ಹೊರಗಿನಿಂದ ನೋಡುವುದು ಜಾಸ್ತಿ. ನಮಗೇ ಆದದ್ದನ್ನೂ ಮೂವತ್ತು ವರ್ಷದ ಮೇಲೆ ಪಕ್ಕದಲ್ಲಿ ನಿಂತು ನೋಡುತ್ತೇವೆ. ಹಾಗಾಗಿ ಈ ಕೇಸು ಇತ್ಯರ್ಥ ಆಗುವುದಿಲ್ಲ. ಅಮ್ಮನನ್ನು ಕೇಳಿ ನೋಡಿ. ಅವರು ಮೂರನೆಯವರ ಹೆಸರು ಹೇಳಿದರೂ ಹೇಳಬಹುದು.

ಈಗ ವಾಸನೆ ವಿಷಯ. ಹಲಸಿನ ಹಣ್ಣಿಗೆ ಕಣ್ಣು ತುಂಬುವುದು ಪೂರ್ತಿ ಸಹಜ. ಇದರ ಹಿಂದೆ ಮೆದುಳಿನ ರಚನೆಯೇ ಇದೆ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮೆದುಳಿನ ನಡುವೆ ಥಲಾಮಸ್ ಅನ್ನುವ ಜಾಗಕ್ಕೆ ಹೋಗಿ, ಅಲ್ಲಿಂದ ಹಂಚಿಕೆಯಾಗುತ್ತದೆ. ವಾಸನೆಗೆ ಆ ಸುತ್ತು ಇಲ್ಲ. ಮೂಗಿನ ಹಿಂದಿರುವ ಘ್ರಾಣ ಗಡ್ಡೆಯಿಂದ ಅದು ಹೆಚ್ಚುಕಡಿಮೆ ನೇರವಾಗಿ ಭಾವನೆ ಕೆರಳಿಸುವ ಅಮಿಗ್ಡಲಾಕ್ಕೆ, ನೆನಪು ಕಟ್ಟುವ ಹಿಪೋಕ್ಯಾಂಪಸ್ ಕಡೆಗೆ ಹೋಗುತ್ತದೆ. ಅದಕ್ಕೇ ‘ಇದು ಹಲಸು’ ಎಂದು ಹೆಸರು ಹೊಳೆಯುವ ಮೊದಲೇ ಗಂಟಲು ಕಟ್ಟಿರುತ್ತದೆ.

ಇನ್ನೂ ಒಂದು ಸ್ವಾರಸ್ಯ ಇದೆ. ಸೈಮನ್ ಚು ಮತ್ತು ಜಾನ್ ಡೌನ್ಸ್ 2000ದಲ್ಲಿ ವಯಸ್ಸಾದವರಿಗೆ ವಾಸನೆ ತೋರಿಸಿ ನೆನಪು ಕೇಳಿದರು. ಅದೇ ವಸ್ತುಗಳ ಹೆಸರು ಹೇಳಿಯೂ ಕೇಳಿದರು. ಹೆಸರು ಕೇಳಿದಾಗ ಬಂದ ನೆನಪುಗಳು ಹೆಚ್ಚಾಗಿ 11ರಿಂದ 25 ವರ್ಷದ ನಡುವಿನವು. ವಾಸನೆಗೆ ಬಂದವು ಹೆಚ್ಚಾಗಿ 6ರಿಂದ 10 ವರ್ಷದ ನಡುವಿನವು. ಅಂದರೆ ನೀವು ಲಂಗ ಹಾಕಿಕೊಂಡು ಅಟ್ಟ ಹತ್ತುತ್ತಿದ್ದ ವಯಸ್ಸು!

ತಿಪಟೂರು ಸೀಮೆಯ ಮನೆ ಅಂದಮೇಲೆ ನಿಮಗೆ ಹಲಸು ಒಂದೇ ಅಲ್ಲ, ಕಾಯಿ ಅಟ್ಟದ ವಾಸನೆಯೂ ಒಳಗೆಲ್ಲೋ ಕೂತಿರಬೇಕು. ಆ ಕಡೆ ಉಂಡೆ ಕೊಬ್ಬರಿ ಮಾಡುವ ರೀತಿಯೇ ಹಾಗೆ. ಬಲಿತ ಕಾಯಿಗಳನ್ನು ಅಟ್ಟಕ್ಕೆ ಏರಿಸಿ ಹತ್ತಿರ ಹತ್ತಿರ ಒಂದು ವರ್ಷ ಹಾಗೇ ಬಿಡುತ್ತಾರೆ. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ. ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಿಟುಕು ಲೊಡಲೊಡ ಅನ್ನಬೇಕು, ಆಗ ಸುಲಿಯಬಹುದು. ವರ್ಷವಿಡೀ ಕಾಯಿ ತುಂಬಿದ ಅಂಥ ಅಟ್ಟದಲ್ಲಿ ಒಣ ನಾರು, ಎಣ್ಣೆಯ ಕಮಟು, ಕೆಳಗಿನ ಅಡುಗೆ ಮನೆಯ ಹೊಗೆ ಎಲ್ಲ ಸೇರಿ ಒಂದು ವಾಸನೆ ಕಟ್ಟಿರುತ್ತದೆ. ಬೆಂಗಳೂರಿನಲ್ಲಿ ಅದು ಸಿಗುವುದಿಲ್ಲ. ಹಲಸು ಸಿಗುತ್ತದೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ಕೆಂಪು ತೊಳೆಯ ಸಿದ್ದು ಹಲಸಿಗೆ ಈಗ ಎಷ್ಟು ಹೆಸರು ಬಂದಿದೆ ನೋಡಿ, ಅದೂ ನಿಮ್ಮ ತುಮಕೂರು ಜಿಲ್ಲೆಯದೇ. ಅಟ್ಟದ ವಾಸನೆ ಎಂದಾದರೂ ಎದುರಾದರೆ ಹಲಸಿಗಿಂತ ಜೋರಾಗಿ ಅಳು ಬರಬಹುದು, ಗಾಬರಿ ಬೀಳಬೇಡಿ.

ಮೊದಲ ಮಳೆಯ ಮಣ್ಣಿನ ವಾಸನೆಗೂ ಇದೇ ಮಾತು. ಅಶ್ವಿನಿ, ಭರಣಿ ಮಳೆ ಸರಿಯಾಗಿ ರಜೆ ಕಾಲಕ್ಕೇ ಬೀಳುವುದು. ಏಪ್ರಿಲ್ 10ಕ್ಕೆ ರಿಸಲ್ಟ್, ಮಾರನೇ ದಿನ ಬಸ್ಸು, ಆಮೇಲೆ ಹದಿನೈದು ದಿನದೊಳಗೆ ಒಂದು ಗುಡುಗು ಮಳೆ. ಆ ವಾಸನೆಯಲ್ಲಿ ಮುಖ್ಯವಾದದ್ದು ಜಿಯೋಸ್ಮಿನ್ ಅನ್ನುವ ವಸ್ತು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು ಅದನ್ನು ಮಾಡುತ್ತವೆ. ನಮ್ಮ ಮೂಗು ಅದನ್ನು ಲಕ್ಷ ಕೋಟಿಯಲ್ಲಿ ಕೆಲವೇ ಪಾಲು ಇದ್ದರೂ ಹಿಡಿಯುತ್ತದೆ. ಬಸವನಗುಡಿಯ ಮಣ್ಣಿಗೂ ತಿಪಟೂರಿನ ಮಣ್ಣಿಗೂ ಮೂಗಿನ ಮಟ್ಟಿಗೆ ಅಂಥ ವ್ಯತ್ಯಾಸ ಇಲ್ಲ. ಕಾಂಕ್ರೀಟ್ ಇಲ್ಲದ ಜಾಗ ಸಿಗಬೇಕು ಅಷ್ಟೇ.

ಈ ಅಳುವಿನಿಂದ ಕೆಡುಕೇನೂ ಇಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಕಾನ್‌ಸ್ಟಾಂಟೀನ್ ಸೆಡಿಕಿಡೀಸ್, ಟಿಮ್ ವೈಲ್ಡ್‌ಶಟ್ ಮತ್ತವರ ಜೊತೆಗಾರರು 2006ರಿಂದ ಇಂಥ ಹಳೆಯ ನೆನಪುಗಳ ಮೇಲೆ ಕೆಲಸ ಮಾಡುತ್ತಿದ್ದಾರೆ. ಮನಸ್ಸು ಒಂಟಿಯಾದಾಗ ಇಂಥ ನೆನಪು ತಾನಾಗಿ ಬರುತ್ತದೆ, ಬಂದಮೇಲೆ ‘ನನಗೂ ನನ್ನವರು ಅಂತ ಇದ್ದಾರೆ’ ಅನ್ನಿಸುತ್ತದೆ ಎಂಬುದು ಅವರು ಕಂಡದ್ದು. ಆದರೆ ನೆನಪು ಬಂದು ಹೋಗದೆ ಕೂತುಬಿಟ್ಟರೆ, ಎರಡು ವಾರಕ್ಕೂ ಮೇಲೆ ನಿದ್ದೆ, ಊಟ, ಕೆಲಸ ಕೆಟ್ಟರೆ, ಏನು ಮಾಡಿದರೂ ಖುಷಿ ಇಲ್ಲ ಅನ್ನಿಸಿದರೆ ಮಾತು ಬೇರೆ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ಪತ್ರ ಓದಿದರೆ ನಿಮಗೆ ಅಂಥದ್ದೇನೂ ಇದ್ದಂತಿಲ್ಲ.

ಮಗಳ ಮಾತಿಗೆ ಬರುವ ಮುಂಚೆ ನಿಮ್ಮ ನೆನಪಿನ ಬಗ್ಗೆ ಇನ್ನೊಂದು ಹೇಳಬೇಕು. ಸ್ವಲ್ಪ ಬೇಜಾರಾಗಬಹುದು.

ನಿಮ್ಮ ತಲೆಯಲ್ಲಿರುವ ಆ ಬೇಸಿಗೆ ನಿಜವಾಗಿ ಯಾವ ವರ್ಷವೂ ಇರಲಿಲ್ಲ. ಪ್ರತಿ ವರ್ಷ ಅದೇ ಬಸ್ಸು, ಅದೇ ಜಗಲಿ, ಅದೇ ಮಾವಿನ ಮರ. ಹೀಗೆ ಮತ್ತೆ ಮತ್ತೆ ಆಗುವುದನ್ನು ಮೆದುಳು ಬೇರೆ ಬೇರೆ ಇಟ್ಟುಕೊಳ್ಳುವುದಿಲ್ಲ. ಹುಳಿಗೆ ಹಾಕಿದ ತರಕಾರಿಯ ಹಾಗೆ ಎಲ್ಲ ಬೆಂದು ಒಂದಾಗುತ್ತದೆ. ಚೌಕಾಬಾರ ಒಂದು ವರ್ಷದ್ದು, ಹಂಡೆ ನೀರಿನ ಸ್ನಾನ ಇನ್ನೊಂದು ವರ್ಷದ್ದು, ಅಳಿಗುಳಿ ಮಣೆಗೆ ಹುಣಸೆ ಬೀಜ ಎಣಿಸಿದ್ದು ಮತ್ತೊಂದು ವರ್ಷದ್ದು. ಒಂದೇ ರಜೆಯಲ್ಲಿ ಅಷ್ಟೆಲ್ಲ ಆಗಿರಲಿಲ್ಲ. ಎಷ್ಟೋ ಮಧ್ಯಾಹ್ನ ಬೋರ್ ಹೊಡೆಯುತ್ತಿತ್ತು. ಸೊಳ್ಳೆ ಇತ್ತು, ಕರೆಂಟ್ ಇರಲಿಲ್ಲ, ತಲೆ ತುಂಬ ಹೇನು. ಇವೆಲ್ಲ ನೆನಪಿದ್ದರೂ ಈಗ ಕಾಟ ಅನ್ನಿಸುವುದಿಲ್ಲ. ಹಿತವಾದ ಭಾವನೆಗಿಂತ ಅಹಿತವಾದದ್ದು ಬೇಗ ಮಾಸುತ್ತದೆ ಎಂದು ರಿಚರ್ಡ್ ವಾಕರ್, ಜಾನ್ ಸ್ಕೌರಾನ್‌ಸ್ಕಿ ಮುಂತಾದವರು ಅಧ್ಯಯನ ಮಾಡಿ ತೋರಿಸಿದ್ದಾರೆ. ಹೇನು ನೆನಪಿರುತ್ತದೆ, ಸೀಮೆಎಣ್ಣೆ ಹಚ್ಚಿ ಬಾಚಣಿಗೆಯಲ್ಲಿ ಎಳೆದ ನೋವು ಉಳಿಯುವುದಿಲ್ಲ.

ನೀವು ಬರೆಯದೇ ಬಿಟ್ಟದ್ದೂ ಒಂದಿದೆ. ಆ ಮನೆಯಲ್ಲಿ ರಜೆಗೆ ಎಷ್ಟು ಮಕ್ಕಳು ಸೇರುತ್ತಿದ್ದರು? ಹತ್ತು, ಹದಿನೈದು? ಅಜ್ಜಿ ದೊಡ್ಡ ಪಾತ್ರೆಯಲ್ಲಿ ಮೊಸರನ್ನ ಕಲಸಿ ಸುತ್ತ ಕೂತ ಮಕ್ಕಳಿಗೆ ಕೈತುತ್ತು ಹಾಕುವುದು ನಮ್ಮ ಕಡೆಯ ಎಲ್ಲರ ನೆನಪಿನಲ್ಲೂ ಇದೆ. ಆ ಅಕ್ಕಿ ಆರಿಸಿದವರು, ಬಾವಿಯಿಂದ ನೀರು ಸೇದಿದವರು, ಪಾತ್ರೆ ಉಜ್ಜಿದವರು ಮಾತ್ರ ನೆನಪಿನಲ್ಲಿ ಇರುವುದಿಲ್ಲ. ನಮಗೆ ರಜೆ ಇತ್ತು, ಅಡುಗೆ ಮನೆಗೆ ರಜೆ ಇರಲಿಲ್ಲ. ತವರಿಗೆ ಬಂದ ಹೆಣ್ಣುಮಕ್ಕಳಿಗಾದರೂ ಸ್ವಲ್ಪ ಪುರುಸೊತ್ತು ಸಿಗುತ್ತಿತ್ತು. ಮನೆಯ ಸೊಸೆಯರಿಗೆ ಅದೇ ಎರಡು ತಿಂಗಳು ವರ್ಷದಲ್ಲೇ ಕಷ್ಟದ್ದು. ನಿಮ್ಮ ಅತ್ತೆ ಗದರುತ್ತಿದ್ದರು ಅಂದೆನಲ್ಲ, ಸುಮ್ನೆ ಊಹೆ ಮಾಡಿದ್ದಲ್ಲ. ಬೇಸಿಗೆ ರಜೆಯ ಬಗ್ಗೆ ನಿಮ್ಮಮ್ಮನನ್ನು ಕೇಳಿದರೆ ಬರುವ ಕಥೆಯೇ ಬೇರೆ, ಸೋದರಮಾವನ ಹೆಂಡತಿಯನ್ನು ಕೇಳಿದರೆ ಬರುವ ಕಥೆಯೇ ಬೇರೆ.

ಇದನ್ನೆಲ್ಲ ಹೇಳಿದ್ದು ನಿಮ್ಮ ಸಿಹಿ ಕೆಡಿಸಲು ಅಲ್ಲ. ಮಗಳಿಗೆ ತಪ್ಪಿಹೋಗುತ್ತಿದೆ ಅಂತ ನೀವು ಕೊರಗುತ್ತಿರುವ ಬೇಸಿಗೆ ಯಾರಿಗೂ ಇಡಿಯಾಗಿ ಸಿಕ್ಕದ್ದಲ್ಲ. ಅರ್ಧ ನಡೆದದ್ದು, ಅರ್ಧ ಆಮೇಲೆ ಮಾತಾಡಿ ಮಾತಾಡಿ ಕಟ್ಟಿಕೊಂಡದ್ದು. ನಡೆದದ್ದನ್ನು ಈಗ ಬೆಂಗಳೂರಿಗೆ ತರಲು ಆಗುವುದಿಲ್ಲ. ಮಾತು ತರಬಹುದು.

ಮಾತಿನ ಬಲ ಎಷ್ಟು ಅನ್ನುವುದಕ್ಕೆ ನನಗೆ ತುಂಬ ಇಷ್ಟವಾದ ಅಧ್ಯಯನ ನ್ಯೂಜಿಲೆಂಡಿನದು. ಶೆಲ್ಲಿ ಮ್ಯಾಕ್‌ಡೊನಾಲ್ಡ್, ಹಾರ್ಲೀನ್ ಹೇನ್ ಮತ್ತು ಜೊತೆಗಾರರು 2000ದಲ್ಲಿ ದೊಡ್ಡವರನ್ನು ‘ನಿಮ್ಮ ಮೊಟ್ಟಮೊದಲ ನೆನಪು ಯಾವ ವಯಸ್ಸಿನದು’ ಎಂದು ಕೇಳಿದರು. ಯುರೋಪ್ ಮೂಲದವರದ್ದು ಸರಾಸರಿ ಮೂರೂವರೆ ವರ್ಷದ ಆಸುಪಾಸಿನದು. ಅಲ್ಲಿನ ಮೂಲನಿವಾಸಿ ಮಾವೊರಿ ಜನರದ್ದು ಸುಮಾರು 2 ವರ್ಷ 8 ತಿಂಗಳಿನದು. ಮಾವೊರಿ ಮನೆಗಳಲ್ಲಿ ವಂಶದ ಕಥೆ, ಹುಟ್ಟಿದ ಕಥೆ, ಊರಿನ ಕಥೆ ಮಕ್ಕಳ ಕಿವಿಗೆ ಸದಾ ಬೀಳುತ್ತಿರುತ್ತದೆ. ಮೊದಲ ನೆನಪು ಅಷ್ಟು ಹಿಂದಕ್ಕೆ ಹೋಗುವುದಕ್ಕೆ ಸಂಶೋಧಕರು ಕೊಡುವ ಕಾರಣ ಅದೇ.

ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಅವರದ್ದು ಇನ್ನೊಂದು. ಅವರು ಮಕ್ಕಳಿಗೆ 20 ಪ್ರಶ್ನೆಗಳ ಪಟ್ಟಿ ಮಾಡಿದರು. ನಿನ್ನ ಅಜ್ಜ ಅಜ್ಜಿ ಎಲ್ಲಿ ಬೆಳೆದರು ಗೊತ್ತಾ, ನಿನಗೆ ಈ ಹೆಸರು ಯಾಕಿಟ್ಟರು ಗೊತ್ತಾ, ಹೀಗೆ. ಜಾಸ್ತಿ ಗೊತ್ತಿದ್ದ ಮಕ್ಕಳಿಗೆ ತಮ್ಮ ಮೇಲೆ ತಮಗೆ ನಂಬಿಕೆಯೂ ಜಾಸ್ತಿ ಇತ್ತು, ಅವರ ಮನೆಯವರ ನಡುವಿನ ಹೊಂದಾಣಿಕೆಯೂ ಚೆನ್ನಾಗಿತ್ತು. ಇದನ್ನು ಕೇಳಿದವರು ಕೆಲವರು 20 ಉತ್ತರ ಬಾಯಿಪಾಠ ಮಾಡಿಸಲು ಹೊರಡುತ್ತಾರೆ! ದಯವಿಟ್ಟು ಹಾಗೆ ಮಾಡಬೇಡಿ. ಅಂಥ ಕಥೆ ಮಗುವಿಗೆ ಗೊತ್ತಾಗಬೇಕಾದರೆ ಮನೆಯಲ್ಲಿ ಎಲ್ಲರೂ ಕೂತು ಮಾತಾಡಿರಬೇಕು. ಕೆಲಸ ಮಾಡುವುದು ಆ ಕೂತು ಮಾತಾಡುವುದು, ಉತ್ತರ ಅಲ್ಲ.

ಹೇಗೆ ಮಾತಾಡಬೇಕು ಅನ್ನುವುದರಲ್ಲಿ ನಾವು ಅಪ್ಪ ಅಮ್ಮಂದಿರು ಎಡವುತ್ತೇವೆ. ‘ನಮ್ಮ ಕಾಲದಲ್ಲಿ ಮೊಬೈಲ್ ಇರಲಿಲ್ಲ, ನಾವು ಮರ ಹತ್ತುತ್ತಿದ್ದೆವು’ ಎಂದು ಶುರು ಮಾಡಿದರೆ ಅದು ನೆನಪಲ್ಲ, ಬೈಗುಳ. ಮಗು ಎದ್ದು ಹೋಗುತ್ತದೆ, ಹೋಗಬೇಕಾದ್ದೇ. ಅದರ ಬದಲು ನೀವು ಬೈಸಿಕೊಂಡ ಕಥೆ ಹೇಳಿ. ಒಣಗಲು ಹಾಕಿದ ಸಂಡಿಗೆ ಹಿಟ್ಟು ಅರ್ಧ ಹಸಿ ಇದ್ದಾಗಲೇ ಕದ್ದು ತಿಂದದ್ದು, ಅಜ್ಜನ ಎಲೆ ಅಡಿಕೆ ಚೀಲದಿಂದ ಅಡಿಕೆ ಎತ್ತಿ ಬಾಯಿ ಒಗರು ಮಾಡಿಕೊಂಡದ್ದು. ಅಮ್ಮನೂ ಒಂದು ಕಾಲಕ್ಕೆ ಕಿತಾಪತಿ ಮಾಡಿ ಸಿಕ್ಕಿಬಿದ್ದಿದ್ದಳು ಅನ್ನುವುದು 8 ವರ್ಷದ ಮಗುವಿಗೆ ದೊಡ್ಡ ಸುದ್ದಿ. ನಿಮ್ಮಮ್ಮ ಪಕ್ಕದಲ್ಲಿದ್ದು ‘ಸುಳ್ಳು ಹೇಳ್ತಾಳೆ, ಅವತ್ತು ಆದದ್ದೇ ಬೇರೆ’ ಅಂದರೆ ಇನ್ನೂ ಒಳ್ಳೆಯದು. ಏಣಿ ಜಗಳವನ್ನೂ ಮಗಳ ಮುಂದೆಯೇ ಆಡಿ. ಚಿಕ್ಕಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ಇಬ್ಬರ ವಾದವನ್ನೂ ಕೇಳಿ ತೀರ್ಪು ಅವಳೇ ಕೊಡಲಿ.

ಅವಳ ನೆನಪು ಕೇಳುವಾಗಲೂ ಪರೀಕ್ಷೆ ಬೇಡ. ‘ಲಾಲ್‌ಬಾಗ್‌ನಲ್ಲಿ ಏನು ನೋಡಿದೆ? ಬಾತುಕೋಳಿ ಅಲ್ವಾ? ಎಷ್ಟಿತ್ತು?’ ಇದು ಪರೀಕ್ಷೆ. ‘ಮಳೆ ಬಂದಾಗ ಏನು ಮಾಡಿದ್ವಿ, ನೆನಪಿದ್ಯಾ? ಆಮೇಲೆ? ನಿಂಗೆ ಹೆದರಿಕೆ ಆಯ್ತಾ?’ ಇದು ಮಾತು. ಎರಡನೆಯ ರೀತಿ ಮಾತಾಡುವ ತಾಯಂದಿರ ಮಕ್ಕಳು ತಮಗೆ ಆದದ್ದನ್ನು ಹೆಚ್ಚು ವಿವರವಾಗಿ ನೆನಪಿಟ್ಟು ಹೇಳುತ್ತಾರೆ ಎಂದು ಇಲೇನ್ ರೀಸ್, ಫೈವುಶ್ ಇಬ್ಬರೂ ವರ್ಷಗಟ್ಟಲೆ ಅಧ್ಯಯನ ಮಾಡಿ ಕಂಡುಕೊಂಡಿದ್ದಾರೆ.

ಇನ್ನು ಅಜ್ಜಿ ಮನೆ ಇಲ್ಲ ಅನ್ನುವ ಮಾತು. ಬಸವನಗುಡಿ, ಮಲ್ಲೇಶ್ವರದಲ್ಲಿ ಜೂನ್ ಜುಲೈ ಬಂತೆಂದರೆ ನೋಡಿ, ಹೊರದೇಶದಿಂದ ಮೊಮ್ಮಕ್ಕಳು ಬಂದಿಳಿಯುತ್ತಾರೆ. ಅವರ ಪಾಲಿಗೆ ಅಜ್ಜಿ ಮನೆ ಅಂದರೆ ಲಿಫ್ಟ್ ಇರುವ ಮೂರನೇ ಮಹಡಿ, ತರಕಾರಿ ಗಾಡಿಯ ಮೈಕು, ಮೂಲೆಯ ದರ್ಶಿನಿಯ ದೋಸೆ. ನಲವತ್ತು ವರ್ಷ ಆದಮೇಲೆ ಅವರಿಗೂ ಅದರ ವಾಸನೆ ಬಂದರೆ ಕಣ್ಣು ತುಂಬುತ್ತದೆ. ನಿಮ್ಮ ಫ್ಲ್ಯಾಟೇ ನಿಮ್ಮ ತಂಗಿಯ ಮಕ್ಕಳಿಗೆ ಅಜ್ಜಿ ಮನೆ, ಅದನ್ನು ನೀವು ಮರೆತಿದ್ದೀರಿ. ಬೇಸಿಗೆ ಶಿಬಿರಕ್ಕೆ ಹದಿನೈದು ದಿನ ದುಡ್ಡು ಕಟ್ಟುವ ಬದಲು ಒಂದು ವಾರ ಅವರನ್ನು ಕರೆಸಿಕೊಳ್ಳಿ. ಹಾಲ್‌ನಲ್ಲಿ ಸಾಲಾಗಿ ಹಾಸಿಗೆ ಹಾಕಿ. ಪ್ಲಾನ್ ಮಾಡಬೇಡಿ. ಬೋರ್ ಅಂದರೆ ಅನ್ನಲಿ, ಮಧ್ಯಾಹ್ನದ ಹೊತ್ತಿಗೆ ತಾವೇ ಏನೋ ಒಂದು ಆಟ ಹುಟ್ಟಿಸಿಕೊಳ್ಳುತ್ತಾರೆ. ಅಸೋಸಿಯೇಷನ್‌ನವರು ಒಪ್ಪಿದರೆ ತಾರಸಿ ಮೇಲೆ ಹಪ್ಪಳ ಒಣಗಿಸಿ, ಕಾವಲಿಗೆ ಮಕ್ಕಳನ್ನು ಕೂರಿಸಿ. ಪ್ರತಿ ವರ್ಷ ಅದೇ ವಾರ, ಅದೇ ಆಟ ಇರಲಿ. ಒಂದು ಷರತ್ತು, ಆ ವಾರದ ಅಡುಗೆ ನಿಮ್ಮಮ್ಮನ ತಲೆ ಮೇಲೆ ಬೀಳಬಾರದು. ಗಂಡಸರೂ ಒಲೆ ಮುಂದೆ ನಿಲ್ಲಲಿ.

ಕೊನೆಗೆ, ಊರಿಗೆ ಹೋಗಬೇಕಾ? ಹೋಗಿ. ಆದರೆ ಮಗಳಿಗೆ ತೋರಿಸಲು ಅಂತ ಹೋಗಬೇಡಿ. ಅವಳಿಗೆ ಅದು ಯಾರದ್ದೋ ಮನೆ. ಎರಡು ನಿಮಿಷ ನೋಡಿ ‘ಹೋಗೋಣ್ವಾ’ ಅಂತಾಳೆ, ನಿಮಗೆ ಸಿಟ್ಟು ಬರುತ್ತದೆ. ನಿಮಗಾಗಿ, ಅಮ್ಮನಿಗಾಗಿ ಹೋಗಿ. ಅವಳಿಗೆ ಬರುವ ಮನಸ್ಸಿದ್ದರೆ ಬರಲಿ. ಕೊಂಡವರಿಗೆ ಮೊದಲೇ ಫೋನ್ ಮಾಡಿ ಒಪ್ಪಿಗೆ ಕೇಳಿ. ಕೊಬ್ಬರಿಗೆ ರೇಟ್ ಇದ್ದರೆ ಅಟ್ಟ ಇನ್ನೂ ಇಟ್ಟುಕೊಂಡಿರಬಹುದು, ಇಲ್ಲದಿದ್ದರೆ ಅದನ್ನು ಕಿತ್ತು ಮೇಲೆ ಮೋಲ್ಡ್ ಹಾಕಿಸಿರಬಹುದು. ಎರಡಕ್ಕೂ ತಯಾರಾಗಿರಿ. ಎಲ್ಲ ಚಿಕ್ಕದಾಗಿ ಕಾಣುತ್ತದೆ, ನೀವು ಅದನ್ನು ನೋಡಿದ್ದು ಮೂರೂವರೆ ಅಡಿ ಎತ್ತರದಿಂದ. ಬೆಂಗಳೂರಿನಿಂದ ಅರಸೀಕೆರೆ ಮಾರ್ಗದ ರೈಲಿನಲ್ಲಿ ತಿಪಟೂರು ಸುಮಾರು 140 ಕಿಲೋಮೀಟರ್, ಬೆಳಿಗ್ಗೆ ಹೊರಟರೆ ರಾತ್ರಿಗೆ ವಾಪಸ್ ಬರಬಹುದು. ಅಮ್ಮನ ಮಂಡಿ ತಡೆಯುತ್ತದಾ ನೋಡಿಕೊಂಡು ಟಿಕೆಟ್ ಮಾಡಿಸಿ. ದಾರಿಯಲ್ಲಿ ಅಮ್ಮನನ್ನು ಕಿಟಕಿ ಪಕ್ಕ ಕೂರಿಸಿ, ಫೋನಿನಲ್ಲಿ ರೆಕಾರ್ಡಿಂಗ್ ಆನ್ ಮಾಡಿಡಿ. ಅವರಿಗೆ ಹೇಳಿಯೇ ಮಾಡಿ. ತುಮಕೂರು ದಾಟಿ ತೆಂಗಿನ ತೋಟ ಶುರುವಾದ ಮೇಲೆ ಅವರೇ ಮಾತು ತೆಗೆಯುತ್ತಾರೆ. ಇಸವಿ ತಪ್ಪಿದರೂ, ಹೆಸರು ಅದಲುಬದಲಾದರೂ ನಡುವೆ ತಿದ್ದಬೇಡಿ.